ಬಿಲ್ ಬರೆಯುವುದನ್ನು ಬಿಟ್ಟುಕೊಡಿ, ಓಟಿಪಿಯನ್ನು ಬಿಟ್ಟುಕೊಡಬೇಡಿ

ಪ್ರಶ್ನೆ: ಮಲ್ಪೆ ಬಂದರಿನ ಸಮೀಪ ಮೀನುಗಾರಿಕಾ ಬೋಟ್‌ಗಳ ಎಂಜಿನ್ ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದೇನೆ. ವರ್ಷದ ವಹಿವಾಟು ಎರಡು ಕೋಟಿ ರೂಪಾಯಿಯ ಆಸುಪಾಸು. ಕೆಲಸಕ್ಕೆ ಇಬ್ಬರು ಹುಡುಗರಿದ್ದಾರೆ. ಆದರೂ ಕೌಂಟರ್, ವಾಟ್ಸ್‌ಆ್ಯಪ್‌ನಲ್ಲಿ ದರ ಹೇಳುವುದು, ಗಂಗೊಳ್ಳಿ ಮತ್ತು ಭಟ್ಕಳಕ್ಕೆ ಬಸ್ಸಿನಲ್ಲಿ ಪಾರ್ಸೆಲ್ ಹಾಕುವುದು, ಬಾಕಿ ವಸೂಲಿ, ರಾತ್ರಿ ಕುಳಿತು ಬಿಲ್ ನಮೂದಿಸುವುದು ಎಲ್ಲವೂ ನನ್ನ ತಲೆಯ ಮೇಲೆಯೇ. ಹಿಂದೊಮ್ಮೆ ಒಬ್ಬ ಹುಡುಗನಿಗೆ ಲೆಕ್ಕ ವಹಿಸಿದ್ದೆ. ಆರು ತಿಂಗಳಾದ ಮೇಲೆ ನೋಡಿದರೆ ಎಲ್ಲ ಗೋಜಲು, ವಾಪಸು ನಾನೇ ತೆಗೆದುಕೊಂಡೆ. ಈಗ ಉಡುಪಿಯ ಒಂದು ಕಚೇರಿಯವರು ತಿಂಗಳಿಗೆ ಆರು ಸಾವಿರಕ್ಕೆ ಲೆಕ್ಕ, ಜಿಎಸ್‌ಟಿ ಎರಡನ್ನೂ ನೋಡಿಕೊಳ್ಳುತ್ತೇವೆ, ಬಿಲ್ ಕಳುಹಿಸಿದರೆ ಸಾಕು ಎನ್ನುತ್ತಿದ್ದಾರೆ. ಮನೆಯಲ್ಲಿ ಅಕ್ಕನ ಮಗ ಬಿ.ಕಾಂ. ಮುಗಿಸಿ ಕುಳಿತಿದ್ದಾನೆ, ಹೊರಗಿನವರೇಕೆ ಎನ್ನುತ್ತಾರೆ. ಯಾವ ಕೆಲಸವನ್ನು ಯಾರಿಗೆ ಕೊಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು, ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಮಾತನ್ನು. ಲೆಕ್ಕ ವಹಿಸಿದಿರಿ, ಆರು ತಿಂಗಳಾದ ಮೇಲೆ ನೋಡಿದಿರಿ. ಆ ಹುಡುಗ ಕೆಟ್ಟ ಕೆಲಸಗಾರನಾಗಿರಲೇಬೇಕೆಂದಿಲ್ಲ. ಮೊದಲ ವಾರ ತಪ್ಪಿದ ಒಂದು ನಮೂದು ಯಾರ ಕಣ್ಣಿಗೂ ಬೀಳದೆ ಅರ್ಧ ವರ್ಷ ಬೆಳೆದಿರಬಹುದು. ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾ ಮಾಡಿದ್ದು ಉತ್ತಮ’ ಎಂಬ ಗಾದೆಯನ್ನು ನಮ್ಮ ಅಂಗಡಿಕಾರರು ವೇದವಾಕ್ಯದಂತೆ ನಂಬಿದ್ದಾರೆ. ರಾತ್ರಿ ಹನ್ನೊಂದಕ್ಕೆ ತೂಕಡಿಸುತ್ತಾ ತಾನೇ ಮಾಡಿದ ನಮೂದು ಎಷ್ಟು ಉತ್ತಮವಾಗಿರುತ್ತದೆ ಎಂದು ಮಾತ್ರ ಯಾರೂ ತೆರೆದು ನೋಡುವುದಿಲ್ಲ.

ಕೆಲಸ ಹಂಚಲು ಹೊರಟವರು ಸಾಮಾನ್ಯವಾಗಿ ತಮಗೆ ಅತಿ ಬೇಸರದ ಕೆಲಸವನ್ನು ಮೊದಲು ದಾಟಿಸುತ್ತಾರೆ. ನೀವೂ ಲೆಕ್ಕವನ್ನು ಹಾಗೆಯೇ ದಾಟಿಸಿದ್ದೀರಿ. ನಾನು ಹಿಡಿಯುವ ಅಳತೆ ಬೇರೆ: ಈ ಕೆಲಸದಲ್ಲಿ ತಪ್ಪಾದರೆ ನನಗೆ ಎಷ್ಟು ಬೇಗ ಗೊತ್ತಾಗುತ್ತದೆ? ಸಂಜೆಯೊಳಗೆ ಗೊತ್ತಾಗುವುದಾದರೆ ನಾಳೆಯೇ ಕೊಟ್ಟುಬಿಡಿ. ತಿಂಗಳುಗಟ್ಟಲೆ ಗೊತ್ತಾಗದ ಕೆಲಸವಾದರೆ, ಬೇಗ ಗೊತ್ತಾಗುವ ದಾರಿಯೊಂದನ್ನು ಮಾಡಿಕೊಂಡು ಆಮೇಲೆ ಕೊಡಿ. ಗೊತ್ತಾಗುವ ಹೊತ್ತಿಗೆ ಹಣ ಕೈಬಿಟ್ಟು ಹೋಗಿರುತ್ತದೆ ಎನ್ನುವಂಥದ್ದನ್ನು ಕೊಡಬೇಡಿ.

ಈ ಅಳತೆಯಲ್ಲಿ ಮೊದಲು ಕೈದಾಟಬೇಕಾದದ್ದು ಪಾರ್ಸೆಲ್. ಮಧ್ಯಾಹ್ನದ ಬಸ್ಸಿಗೆ ಹಾಕಿದ ಇಂಜೆಕ್ಟರ್ ಗಂಗೊಳ್ಳಿಗೆ ಮುಟ್ಟದಿದ್ದರೆ ಸಂಜೆಯೊಳಗೆ ಫೋನ್ ಬಂದೇ ಬರುತ್ತದೆ. ನೀವು ಉಡುಪಿ ಬಸ್ ನಿಲ್ದಾಣಕ್ಕೆ ಓಡಿ, ನಿರ್ವಾಹಕರನ್ನು ಹುಡುಕಿ, ಬಾಡಿಗೆ ಕೊಟ್ಟು ಬರುವುದರಲ್ಲಿ ನಿಮ್ಮ ಜಾಣ್ಮೆ ಏನೂ ಖರ್ಚಾಗುವುದಿಲ್ಲ, ಹೊತ್ತು ಮಾತ್ರ ಖರ್ಚಾಗುತ್ತದೆ. ಒಂದು ಹಾಳೆಯಲ್ಲಿ ಬರೆದು ಪ್ಯಾಕ್ ಮಾಡುವ ಮೇಜಿನ ಮೇಲೆ ಅಂಟಿಸಿ: ಪೆಟ್ಟಿಗೆಯ ಮೇಲೆ ಬೋಟಿನ ಹೆಸರು, ತೆಗೆದುಕೊಳ್ಳುವವರ ಮೊಬೈಲ್ ಸಂಖ್ಯೆ, ಇಳಿಸಬೇಕಾದ ನಿಲ್ದಾಣ, ಒಳಗೆ ಬಿಲ್, ಬಸ್ಸಿನ ಹೆಸರೂ ನೋಂದಣಿ ಸಂಖ್ಯೆಯೂ ಕಾಣುವಂತೆ ಒಂದು ಫೋಟೊ, ಜೊತೆಗೆ ನಿರ್ವಾಹಕರ ಮೊಬೈಲ್ ಸಂಖ್ಯೆ. ಫೋಟೊ ಹೋಗಬೇಕಾದದ್ದು ಗಿರಾಕಿಗೆ. ನಿಮಗೂ ಒಂದು ಪ್ರತಿ ಬರಲಿ ಎಂದು ಹೇಳಿದಿರೋ, ಕೆಲಸ ಕೊಟ್ಟೂ ಕೊಡದ ಹಾಗೆ, ಪ್ರತಿ ಫೋಟೊವನ್ನೂ ತೆರೆದು ನೋಡುತ್ತಾ ಕೂರುತ್ತೀರಿ. ಹುಡುಗ ನಿಮ್ಮನ್ನು ಕೇಳಲೇಬೇಕಾದ ಸಂದರ್ಭ ಒಂದೇ: ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಎಂಬ ಆನ್‌ಲೈನ್ ಸಾಗಣೆ ಪತ್ರ ಬೇಕು. ಗೇರ್‌ಬಾಕ್ಸ್ ಹೋಗುವ ದಿನ ಅದು ಬರುತ್ತದೆ. ಅದಕ್ಕೂ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಉಪ-ಬಳಕೆದಾರನ ಲಾಗಿನ್ ಮಾಡಿಕೊಡಲು ಅವಕಾಶವಿದೆ. ನಿಮ್ಮ ಪಾಸ್‌ವರ್ಡ್ ಹೇಳಬೇಕಾಗಿಲ್ಲ.

ವಾಟ್ಸ್‌ಆ್ಯಪ್ ವಿಷಯ ಇಷ್ಟು ಸುಲಭವಲ್ಲ, ಯಾಕೆಂದರೆ ದರ ಇರುವುದು ನಿಮ್ಮ ತಲೆಯಲ್ಲಿ. ಬೋಟ್ ನಡೆಸುವ ತಾಂಡೇಲ, ರೆಕ್ಕೆ ಮುರಿದ ರಬ್ಬರ್ ಇಂಪೆಲ್ಲರ್‌ನ ಫೋಟೊ ಹಾಕಿ ‘ಇದು ಉಂಟೇ, ಎಷ್ಟು?’ ಎಂದು ಕೇಳುತ್ತಾನೆ. ನೀವು ಫೋಟೊ ನೋಡಿದ ಕೂಡಲೇ ಯಾವ ಪಂಪಿನದ್ದೆಂದು ಹೇಳುತ್ತೀರಿ, ಹುಡುಗನಿಗೆ ಅದು ಬರುವುದಿಲ್ಲ. ಬರುವಂತೆ ಮಾಡಲು ವರ್ಷಗಳೇನೂ ಬೇಡ, ಮೂರು ಪ್ರಶ್ನೆ ಸಾಕು: ರೆಕ್ಕೆ ಎಷ್ಟು, ಹೊರಗಿನ ವ್ಯಾಸ ಎಷ್ಟು, ಶಾಫ್ಟಿನ ದಪ್ಪ ಎಷ್ಟು. ಈ ಮೂರನ್ನು ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸಿದ್ಧ ಉತ್ತರವಾಗಿ ಇಟ್ಟರೆ ಒಂದು ಒತ್ತಿಗೆ ಹೋಗುತ್ತದೆ. ಬೆಲ್ಟ್, ಫಿಲ್ಟರ್, ಬೇರಿಂಗ್, ಪ್ರತಿಯೊಂದಕ್ಕೂ ಇಂಥ ಎರಡು ಮೂರು ಪ್ರಶ್ನೆಗಳಿವೆ. ನೀವು ಅವನ್ನು ಇಷ್ಟು ವರ್ಷ ಬಾಯಲ್ಲಿ ಕೇಳುತ್ತಾ ಬಂದಿದ್ದೀರಿ, ಬರೆದಿಟ್ಟಿಲ್ಲ. ಅತಿ ಹೆಚ್ಚು ಕೇಳುವ ನೂರು ವಸ್ತುಗಳಿಗೆ ಫೋಟೊ, ಭಾಗದ ಸಂಖ್ಯೆ, ದರ ಇರುವ ಪಟ್ಟಿ ಮಾಡಿ. ಉಳಿದದ್ದಕ್ಕೆ ‘ಕೇಳಿ ಹೇಳುತ್ತೇನೆ’ ಎನ್ನಲಿ.

ದರ ಇಳಿಸುವ ಅಧಿಕಾರವನ್ನೂ ಅಳೆದು ಕೊಡಿ. ಬಿಲ್ಲಿನಲ್ಲಿ ಇನ್ನೂರೋ ಮುನ್ನೂರೋ ರೂಪಾಯಿ ಬಿಡುವ ನಿರ್ಧಾರ ಹುಡುಗನದೇ ಆಗಲಿ. ‘ಯಜಮಾನರನ್ನು ಕೇಳಬೇಕು’ ಎಂದು ಅವನು ಹೇಳಿದ ಕ್ಷಣವೇ ಗಿರಾಕಿ ನಿಮಗೆ ಫೋನ್ ಮಾಡುತ್ತಾನೆ, ಅಲ್ಲಿಗೆ ಹಂಚಿಕೆ ಮುಗಿಯಿತು. ಒಂದೇ ವಾಟ್ಸ್‌ಆ್ಯಪ್ ಖಾತೆಗೆ ನಾಲ್ಕು ಸಾಧನಗಳನ್ನು ಜೋಡಿಸಬಹುದು. ಕೌಂಟರಿನ ಕಂಪ್ಯೂಟರಿಗೆ ಜೋಡಿಸಿ, ನಿಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನು ಅಂಗಡಿಯ ಸಂಖ್ಯೆಯಿಂದ ಬೇರೆ ಮಾಡಿ. ಇದನ್ನು ದೂರದ ಊರಿನ ಯಾವುದಾದರೂ ಗ್ರಾಹಕ ಸೇವಾ ಕಂಪನಿಗೆ ಕೊಡುವ ಯೋಚನೆ ಬಂದರೆ ಬಿಟ್ಟುಬಿಡಿ. ನಿಮ್ಮ ಗಿರಾಕಿ ತುಳುವಿನಲ್ಲಿ ಶುರು ಮಾಡಿ ಕೊಂಕಣಿಗೆ ಹೋಗಿ ಕನ್ನಡದಲ್ಲಿ ಚೌಕಾಸಿ ಮಾಡುವವನು.

ಹಣ ಬಂತೇ ಎಂದು ನಿಮ್ಮ ಮೊಬೈಲ್ ನೋಡಿ ಹೇಳಬೇಕಾದ ಸ್ಥಿತಿ ಇದ್ದರೆ ಕೌಂಟರಿನಲ್ಲಿ ಯುಪಿಐ ಸೌಂಡ್‌ಬಾಕ್ಸ್ ಇಡಿ. ಇದಕ್ಕಿಂತ ಹೆಚ್ಚು ಆ ವಿಷಯದಲ್ಲಿ ಹೇಳುವುದಕ್ಕಿಲ್ಲ.

ಬಿಲ್ ನಮೂದನ್ನು ರಾತ್ರಿಗೆ ಇಡುವ ಪದ್ಧತಿಯೇ ಹೋಗಬೇಕು. ಮಾರಾಟ ಆಗುವಾಗಲೇ ಟ್ಯಾಲಿಯಂಥ ಲೆಕ್ಕದ ತಂತ್ರಾಂಶದಲ್ಲಿ ಹುಡುಗನೇ ಬಿಲ್ ತೆಗೆಯಲಿ. ಅವನಿಗೆ ಬೇರೆ ಲಾಗಿನ್ ಕೊಡಿ, ಬಿಲ್ ಅಳಿಸುವ ಮತ್ತು ಹಿಂದಿನ ದಿನಾಂಕಕ್ಕೆ ಬಿಲ್ ಹಾಕುವ ಅಧಿಕಾರವನ್ನು ಮಾತ್ರ ಕೊಡಬೇಡಿ. ನಿಮ್ಮ ವ್ಯಾಪಾರದಲ್ಲಿ ಒಂದು ತೊಡಕು ಇದೆ. ಮೀನುಗಾರಿಕಾ ಬೋಟಿನ ಎಂಜಿನ್‌ಗೆ ಜಿಎಸ್‌ಟಿ ಶೇಕಡಾ 5 ಎಂದು 2018ರಲ್ಲೇ ಸ್ಪಷ್ಟಪಡಿಸಲಾಗಿದೆ, ಬೋಟಿನ ಭಾಗಗಳಿಗೂ ಅದೇ ದರ. ಆದರೆ ಅದೇ ಕಪಾಟಿನಲ್ಲಿರುವ ಸಾಮಾನ್ಯ ಬಳಕೆಯ ಎಷ್ಟೋ ವಸ್ತುಗಳಿಗೆ ಶೇಕಡಾ 18. ಯಾವುದು ಯಾವುದರಲ್ಲಿ ಬರುತ್ತದೆ ಎಂದು ತೀರ್ಮಾನಿಸುವುದು ಕೌಂಟರಿನ ಹುಡುಗನ ಕೆಲಸವೂ ಅಲ್ಲ, ನಿಮ್ಮ ಕೆಲಸವೂ ಅಲ್ಲ. ತೆರಿಗೆ ಸಲಹೆಗಾರರನ್ನು ಒಂದು ದಿನ ಅಂಗಡಿಗೇ ಕರೆದು ಕೂರಿಸಿ, ವಸ್ತುಗಳ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಎಚ್‌ಎಸ್‌ಎನ್ ಸಂಕೇತ (ಸರಕಿನ ವರ್ಗ ತಿಳಿಸುವ ಅಂಕಿ) ಮತ್ತು ದರ ಹಾಕಿಸಿಕೊಳ್ಳಿ. ಅದಕ್ಕೆ ಪ್ರತ್ಯೇಕ ಶುಲ್ಕ ಕೇಳಿದರೆ ಸಂತೋಷದಿಂದ ಕೊಡಿ. ಇಲ್ಲಿ ಆದ ತಪ್ಪು ಗೊತ್ತಾಗುವುದು ವರ್ಷಗಳ ಮೇಲೆ, ನೋಟಿಸಿನ ರೂಪದಲ್ಲಿ.

ಇನ್ನು ಆ ಆರು ಸಾವಿರದ ಕಚೇರಿ. ಬೆಲೆಯ ಬಗ್ಗೆ ನನಗೆ ತಕರಾರಿಲ್ಲ, ‘ಬಿಲ್ ಕಳುಹಿಸಿದರೆ ಸಾಕು’ ಎಂಬ ಮಾತಿನ ಬಗ್ಗೆ ಇದೆ. ಸಾಲುವುದಿಲ್ಲ. ಖರೀದಿ ಬಿಲ್ ನಿಮ್ಮ ಫೈಲಿನಲ್ಲಿದ್ದ ಮಾತ್ರಕ್ಕೆ ತೆರಿಗೆ ಜಮೆ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿ, ಅದು ಪೋರ್ಟಲ್ ತಯಾರಿಸುವ ನಿಮ್ಮ ಖರೀದಿ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಳ್ಳಬೇಕು. ಯಾರು ತೋರಿಸಿಲ್ಲ ಎಂದು ಪಟ್ಟಿ ಮಾಡಿ, ಆ ಸಗಟು ವ್ಯಾಪಾರಿಗೆ ಫೋನ್ ಮಾಡಿ ಬೆನ್ನು ಹತ್ತುವವರು ಯಾರು? ಬ್ಯಾಂಕ್ ಖಾತೆಯನ್ನು ಪುಸ್ತಕದ ಜೊತೆ ತಾಳೆ ನೋಡುವುದು ಇದರಲ್ಲಿ ಸೇರಿದೆಯೇ? ನೋಟಿಸ್ ಬಂದರೆ ಉತ್ತರ ಬರೆಯುವುದಕ್ಕೆ ಬೇರೆ ಶುಲ್ಕವೇ? ವಹಿವಾಟು ಎರಡು ಕೋಟಿ ದಾಟಿದ ವರ್ಷ ಜಿಎಸ್‌ಟಿಆರ್-9 ಎಂಬ ವಾರ್ಷಿಕ ರಿಟರ್ನ್ ಕೂಡ ಕಡ್ಡಾಯ, ನೀವು ಆ ಗಡಿಯಲ್ಲೇ ಇದ್ದೀರಿ. ಅದು ಯಾರ ಲೆಕ್ಕಕ್ಕೆ? ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ತೆರಿಗೆ ಬಾಕಿಗೆ ವರ್ಷಕ್ಕೆ ಶೇಕಡಾ 18 ಬಡ್ಡಿ. ಎರಡೂ ಬೀಳುವುದು ನಿಮ್ಮ ಮೇಲೆ, ಕಚೇರಿಯ ಮೇಲಲ್ಲ. ಇವಕ್ಕೆಲ್ಲ ಉತ್ತರವನ್ನು ಒಂದು ಪುಟದಲ್ಲಿ ಬರೆಸಿಕೊಳ್ಳಿ.

ಕೊಡುವ ಮೊದಲು ಕೆಲಸವನ್ನೇ ಕಡಿಮೆ ಮಾಡಲು ಸಾಧ್ಯವೇ ಎಂದೂ ನೋಡಬೇಕು. ಈಗ ನೀವು ತಿಂಗಳು ತಿಂಗಳು 11ರೊಳಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ ಸಲ್ಲಿಸುತ್ತಿದ್ದರೆ, ಐದು ಕೋಟಿವರೆಗಿನ ವಹಿವಾಟಿನವರಿಗೆ ಇರುವ ತ್ರೈಮಾಸಿಕ ಯೋಜನೆಗೆ ಹೋಗಬಹುದು. ಅದರಲ್ಲಿ ರಿಟರ್ನ್ ಮೂರು ತಿಂಗಳಿಗೊಮ್ಮೆ, ಮೊದಲೆರಡು ತಿಂಗಳ ತೆರಿಗೆಯನ್ನು ಮಾತ್ರ ಮುಂದಿನ ತಿಂಗಳ 25ರೊಳಗೆ ಕಟ್ಟಬೇಕು. ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಜಿಎಸ್‌ಟಿ ನೋಂದಣಿ ಇಲ್ಲದ ಬೋಟ್ ಮಾಲೀಕರಾದ್ದರಿಂದ ಅವರಿಗೆ ತೊಂದರೆಯಿಲ್ಲ. ಆದರೆ ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ್ದರ ಶೇಕಡಾ 35ನ್ನು ತಿಂಗಳು ತಿಂಗಳು ಕಟ್ಟುವ ಸುಲಭದ ದಾರಿ ಹಿಡಿದರೆ ನಿಮ್ಮಂಥ ಋತುಮಾನದ ವ್ಯಾಪಾರಕ್ಕೆ ಒಂದು ಪೆಟ್ಟಿದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕೊನೆಯಲ್ಲಿ ಬೋಟ್‌ಗಳೆಲ್ಲ ದುರಸ್ತಿಗೆ ನಿಂತು ನಿಮ್ಮ ಮಾರಾಟ ಏರುತ್ತದೆ, ಅದರಲ್ಲಿ ಬಹುಪಾಲು ಸಾಲ. ತೆರಿಗೆ ಬಿಲ್ ಹಾಕಿದಾಗಲೇ ಹುಟ್ಟುತ್ತದೆ, ಬೋಟಿನವರು ಹಣ ಕೊಟ್ಟಾಗ ಅಲ್ಲ. ಹಿಂದಿನ ತ್ರೈಮಾಸಿಕದ ಲೆಕ್ಕದಲ್ಲಿ ಕಡಿಮೆ ಕಟ್ಟಿರುತ್ತೀರಿ, ಹಾಗಾಗಿ ಜುಲೈ-ಸೆಪ್ಟೆಂಬರ್ ರಿಟರ್ನ್‌ನ ಕೊನೆಯ ದಿನವಾದ ಅಕ್ಟೋಬರ್ 22ಕ್ಕೆ ಉಳಿದ ದೊಡ್ಡ ಮೊತ್ತ ಒಮ್ಮೆಗೇ ಬಂದು ಕೂರುತ್ತದೆ. ಅದಕ್ಕೆ ಹಣ ತೆಗೆದಿಡುವುದಾದರೆ ಮಾತ್ರ ಈ ಯೋಜನೆ ನಿಮಗೆ ಒಳ್ಳೆಯದು.

ಯಾವ ಕಚೇರಿಗೆ ಕೊಟ್ಟರೂ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ರಾಧಿಕೃತ ಸಹಿದಾರರ ಮೊಬೈಲ್ ಮತ್ತು ಇಮೇಲ್ ನಿಮ್ಮದೇ ಆಗಿರಬೇಕು. ನಮ್ಮ ಕರಾವಳಿಯಲ್ಲಿ ಎಷ್ಟೋ ಅಂಗಡಿಗಳ ನೋಂದಣಿಯಲ್ಲಿ ಇರುವುದು ಅಂದು ನೋಂದಣಿ ಮಾಡಿಸಿಕೊಟ್ಟವರ ಸಂಖ್ಯೆ. ರಿಟರ್ನ್ ಸಲ್ಲಿಕೆಯಾದ ಸಂದೇಶವೂ ನೋಟಿಸಿನ ಸೂಚನೆಯೂ ಅವರಿಗೇ ಹೋಗುತ್ತದೆ, ಮಾಲೀಕರಿಗೆ ಏನೂ ತಿಳಿಯುವುದಿಲ್ಲ. ಇದನ್ನು ಬದಲಿಸಲು ಅಧಿಕಾರಿಯ ಒಪ್ಪಿಗೆ ಬೇಕಾಗಿಲ್ಲ, ಪೋರ್ಟಲ್‌ನಲ್ಲೇ ತಿದ್ದಬಹುದು. ಪಾಸ್‌ವರ್ಡ್ ಹಳೆಯವರ ಕೈಯಲ್ಲೇ ಇದ್ದು ಅವರು ಕೊಡದಿದ್ದರೆ, ದಾಖಲೆ ಹಿಡಿದುಕೊಂಡು ನಿಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಯ ಬಳಿ ಹೋದರೆ ಸರಿಪಡಿಸಿಕೊಡುವ ವ್ಯವಸ್ಥೆಯಿದೆ. ಆಮೇಲೆ ಪ್ರತಿ ಸಲ ರಿಟರ್ನ್‌ಗೆ ಕಚೇರಿಯವರು ‘ಓಟಿಪಿ ಹೇಳಿ’ ಎಂದು ಫೋನ್ ಮಾಡುತ್ತಾರೆ. ಗಿರಾಕಿಯ ಜೊತೆ ಮಾತನಾಡುತ್ತಲೇ ಅಂಕಿಗಳನ್ನು ಓದಿ ಹೇಳಿಬಿಡುವುದು ಎಲ್ಲರ ಅಭ್ಯಾಸ. ಆ ಅಂಕಿಗಳು ನಿಮ್ಮ ಸಹಿ, ಮಾರಾಯರೇ. ಹೇಳುವ ಮೊದಲು ಮಾರಾಟ ಎಷ್ಟು ತೋರಿಸಿದ್ದೀರಿ, ಖರೀದಿಯ ತೆರಿಗೆ ಜಮೆ ಎಷ್ಟು ಪಡೆದಿದ್ದೀರಿ, ನಗದಾಗಿ ಕಟ್ಟಬೇಕಾದದ್ದು ಎಷ್ಟು ಎಂದು ಕೇಳಿ, ನಿಮ್ಮ ತಂತ್ರಾಂಶದ ಮೊತ್ತಕ್ಕೆ ಹೋಲಿಸಿ ನೋಡಿ. ಹತ್ತು ನಿಮಿಷದ ಕೆಲಸ. ಹಿಂದೆ ಆರು ತಿಂಗಳು ಅಡಗಿ ಕುಳಿತಂಥ ಗೋಜಲು ಹೀಗೆ ನೋಡಿದರೆ ಮೊದಲ ರಿಟರ್ನ್‌ನಲ್ಲೇ ಹೊರಗೆ ಬೀಳುತ್ತದೆ. ತಿಂಗಳಿಗೊಮ್ಮೆ ಲೆಕ್ಕದ ಕಡತದ ಒಂದು ಪ್ರತಿ ನಿಮ್ಮ ಕಂಪ್ಯೂಟರಿಗೂ ಬರಲಿ. ಕಚೇರಿ ಬದಲಿಸುವ ದಿನ ಅದಕ್ಕಾಗಿ ಅಂಗಲಾಚಬಾರದು.

ಬ್ಯಾಂಕಿನ ವಿಷಯದಲ್ಲೂ ಅಷ್ಟೆ. ಚಾಲ್ತಿ ಖಾತೆಗಳಿಗೆ ಒಬ್ಬರು ಪಾವತಿ ಸಿದ್ಧಪಡಿಸಿ ಇನ್ನೊಬ್ಬರು ಅನುಮೋದಿಸುವ ಸೌಲಭ್ಯವನ್ನು ಹೆಚ್ಚಿನ ಬ್ಯಾಂಕುಗಳು ಕೊಡುತ್ತವೆ. ಸಗಟು ವ್ಯಾಪಾರಿಗಳಿಗೆ ಹೋಗಬೇಕಾದ ಪಾವತಿಗಳನ್ನೆಲ್ಲ ಬೇರೊಬ್ಬರು ತುಂಬಿಸಿಡಲಿ, ನೀವು ಸಂಜೆ ಒಮ್ಮೆ ನೋಡಿ ಒಪ್ಪಿಗೆ ಒತ್ತಿ. ಡ್ರಾಯರಿನಲ್ಲಿ ಸಹಿ ಹಾಕಿದ ಖಾಲಿ ಚೆಕ್ ಇದ್ದರೆ (ಇರುತ್ತದೆ ಎಂದು ಬಲ್ಲೆ) ಇವತ್ತೇ ಹರಿದುಹಾಕಿ.

ಬಾಕಿ ವಸೂಲಿಯನ್ನು ಯಾರಿಗೂ ಕೊಡಲಾಗದು ಎಂದು ನೀವು ಅಂದುಕೊಂಡಿರಬಹುದು. ಉಡುಪಿಯವರಿಗೆ ಈ ಅನುಮಾನ ಇರಬಾರದು. 1925ರಲ್ಲಿ ಇಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಪುಟ್ಟ ಮೊತ್ತವನ್ನೂ ಎತ್ತಿದವರು ಏಜೆಂಟರು. ಇಂದಿಗೂ ನಿಮ್ಮ ಪಕ್ಕದ ಅಂಗಡಿಗೆ ಸೊಸೈಟಿಯ ಪಿಗ್ಮಿಯವರು ಬರುತ್ತಿರಬಹುದು. ಪರರ ಹಣ ದಿನವೂ ಇನ್ನೊಬ್ಬರ ಕೈದಾಟುವ ಈ ಪದ್ಧತಿ ಇಷ್ಟು ಕಾಲ ನಿಂತದ್ದು ಹಣ ಕೊಟ್ಟವನ ಕೈಯಲ್ಲೂ ಒಂದು ದಾಖಲೆ ಉಳಿಯುವುದರಿಂದ. ನೀವೂ ಕ್ರಮಸಂಖ್ಯೆ ಇರುವ, ಎರಡು ಪ್ರತಿಯ ರಸೀದಿ ಪುಸ್ತಕವನ್ನು ಹುಡುಗನ ಕೈಗೆ ಕೊಡಿ. ಪ್ರತಿ ತಿಂಗಳ ಮೊದಲ ವಾರ ಎಲ್ಲ ಬಾಕಿದಾರರಿಗೂ ಅಂಗಡಿಯ ವಾಟ್ಸ್‌ಆ್ಯಪ್‌ನಿಂದ ಬಾಕಿ ಪಟ್ಟಿ ಹೋಗಲಿ: ಈ ತಿಂಗಳ ಬಿಲ್ ಇಷ್ಟು, ಕಟ್ಟಿದ್ದು ಇಷ್ಟು, ಉಳಿದದ್ದು ಇಷ್ಟು, ವ್ಯತ್ಯಾಸವಿದ್ದರೆ ನನಗೆ ಫೋನ್ ಮಾಡಿ ಎಂದು ನಿಮ್ಮ ಸ್ವಂತ ಸಂಖ್ಯೆ. ಕಟ್ಟಿದ ಹಣ ಪಟ್ಟಿಯಲ್ಲಿ ಕಾಣದಿದ್ದರೆ ಯಾವ ಬೋಟ್ ಮಾಲೀಕನೂ ಸುಮ್ಮನಿರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹುಡುಗನಿಗೆ ಚೆನ್ನಾಗಿ ಮನದಟ್ಟಾಗಬೇಕು: ಒಬ್ಬರಿಂದ ಒಂದೇ ದಿನ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ, ಪಡೆದಷ್ಟೇ ಮೊತ್ತದ ದಂಡ ಪಡೆದವರ ಮೇಲೆ ಬೀಳಬಹುದು. ಸೀಸನ್ ಚೆನ್ನಾಗಿದ್ದಾಗ ನೋಟಿನ ಕಟ್ಟು ತಂದು ಹಳೆಯ ಬಾಕಿಯನ್ನೆಲ್ಲ ಒಟ್ಟಿಗೆ ಚುಕ್ತಾ ಮಾಡುವವರು ಇರುತ್ತಾರೆ. ಅವರನ್ನು ಬ್ಯಾಂಕಿಗೆ ಕಳುಹಿಸಲಿ.

ವಸೂಲಿ ಕೊಡಬಹುದು, ಸಾಲ ಕೊಡುವ ತೀರ್ಮಾನವನ್ನು ಕೊಡಬೇಡಿ. ಜುಲೈ ಕೊನೆಯ ವಾರ ಎಂಜಿನ್ ಬಿಚ್ಚಿ ಹಾಕಿಕೊಂಡು ಬಂದವನಿಗೆ ಒಂದೂವರೆ ಲಕ್ಷದ ಸಾಮಾನು ಬರೆದುಕೊಡುವುದೋ ಬೇಡವೋ ಎಂಬುದು ನಿಮಗೆ ಮಾತ್ರ ಗೊತ್ತಿರುವ ವಿಷಯ. ಕಳೆದ ವರ್ಷ ಅವನ ಬೋಟ್ ಎಷ್ಟು ದಿನ ಕಡಲಿಗಿಳಿಯಿತು, ತಾಂಡೇಲ ಬದಲಾದನೇ, ಹಿಂದಿನ ಬಾಕಿಗೆ ಎಷ್ಟು ಸಲ ವಾಯಿದೆ ಹೇಳಿದ, ಇವು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಈ ತೀರ್ಮಾನದ ತಪ್ಪು ಗೊತ್ತಾಗುವಾಗ ಸಾಮಾನು ಸಮುದ್ರದಲ್ಲಿರುತ್ತದೆ. ನೀವು ಮಾಡಬಹುದಾದದ್ದು ಇಷ್ಟೇ: ಮೇ ತಿಂಗಳಲ್ಲೇ ಕುಳಿತು ಪ್ರತಿ ಬೋಟಿಗೂ ಒಂದು ಮಿತಿ ಬರೆದಿಡಿ. ಮಿತಿಯೊಳಗೆ ಹುಡುಗರೇ ಕೊಡಲಿ, ದಾಟಿದರೆ ನಿಮ್ಮ ಬಳಿಗೆ ಬರಲಿ. ಗೇರ್‌ಬಾಕ್ಸಿನಂಥ ದುಬಾರಿ ಸರಕಿನ ಖರೀದಿಯನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳಿ.

ಅಕ್ಕನ ಮಗನ ವಿಷಯ ಸ್ವಲ್ಪ ನಾಜೂಕಿನದು. ಆಸ್ತಿ ಸೋದರಳಿಯನಿಗೆ ಹೋಗುತ್ತಿದ್ದ ಅಳಿಯಸಂತಾನದ ನಾಡಿನಲ್ಲಿ ಸೋದರಳಿಯನನ್ನು ಅಂಗಡಿಯಲ್ಲಿ ಕೂರಿಸಿದರೆ ಊರವರು ಅವನನ್ನು ನೌಕರನೆಂದು ನೋಡುವುದಿಲ್ಲ, ಅವನೂ ನೋಡಿಕೊಳ್ಳುವುದಿಲ್ಲ. ಬಿ.ಕಾಂ. ಓದಿದ ಹುಡುಗ, ಹಾಗಾಗಿ ನಿಮ್ಮ ಅಂಗಡಿಗೂ ಆ ಕಚೇರಿಗೂ ನಡುವಿನ ಕೆಲಸಕ್ಕೆ ಸರಿಯಾದವನು. 2ಬಿ ಜೊತೆ ಖರೀದಿ ಬಿಲ್ ತಾಳೆ ನೋಡುವುದು, ಸಗಟು ವ್ಯಾಪಾರಿಗಳ ಬೆನ್ನು ಹತ್ತುವುದು, ಬಾಕಿ ಪಟ್ಟಿ ಕಳುಹಿಸುವುದು, ಬ್ಯಾಂಕ್ ಪಾವತಿ ತುಂಬಿಸಿಡುವುದು, ಇವಿಷ್ಟು ಅವನದಾಗಲಿ. ತಿಂಗಳ ಸಂಬಳವನ್ನು ಬ್ಯಾಂಕ್ ಖಾತೆಗೆ ಹಾಕಿ; ಸಂಬಳವಿಲ್ಲದೆ ದುಡಿಯುವವನನ್ನು ತಡವಾಗಿ ಬಂದದ್ದಕ್ಕೆ ಕೇಳುವ ಹಕ್ಕು ನಿಮಗಿರುವುದಿಲ್ಲ. ವಸೂಲಿಯ ರಸೀದಿ ಪುಸ್ತಕವನ್ನು ಮಾತ್ರ ಅವನ ಕೈಗೆ ಕೊಡಬೇಡಿ. ಹಣ ತರುವವನೇ ಅದನ್ನು ಪುಸ್ತಕಕ್ಕೆ ಏರಿಸುವವನಾಗಬಾರದು, ಮನೆಯವನಾದರೂ ಸರಿ. ಇದನ್ನು ಮೊದಲ ದಿನವೇ ಹೇಳಿದರೆ ಅವನಿಗೆ ನಿಯಮವಾಗಿ ಕೇಳಿಸುತ್ತದೆ, ವರ್ಷ ಕಳೆದು ಹೇಳಿದರೆ ಅನುಮಾನವಾಗಿ ಕೇಳಿಸುತ್ತದೆ, ಅಕ್ಕನ ಮನೆಯ ಬಾಗಿಲೂ ಮುಚ್ಚುತ್ತದೆ.

ಇಷ್ಟನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ, ಜೂನ್ ಜುಲೈಯಲ್ಲಂತೂ ಬೇಡವೇ ಬೇಡ. ಚೌತಿ ಕಳೆದ ಮೇಲೆ ಪಾರ್ಸೆಲ್ ಮತ್ತು ವಾಟ್ಸ್‌ಆ್ಯಪ್ ಕೊಡಿ, ದೀಪಾವಳಿಯ ನಂತರ ಕೌಂಟರಿನ ಬಿಲ್. ಲೆಕ್ಕವನ್ನು ಹೊಸ ಕಚೇರಿಗೆ ಏಪ್ರಿಲ್ 1ರಿಂದ ಕೊಟ್ಟರೆ ಹಿಂದಿನ ವರ್ಷದ ಗೋಜಲು ಹೊಸ ಪುಸ್ತಕಕ್ಕೆ ಬರುವುದಿಲ್ಲ. ಏಪ್ರಿಲ್-ಜೂನ್‌ಗೆ ತ್ರೈಮಾಸಿಕ ಯೋಜನೆ ಆರಿಸಿಕೊಳ್ಳಲು ಫೆಬ್ರವರಿ 1ರಿಂದ ಏಪ್ರಿಲ್ 30ರವರೆಗೆ ಅವಕಾಶವೂ ಇರುತ್ತದೆ. ಮುಂಗಡ ಕೊಡುವ ಮೊದಲು ಆ ಕಚೇರಿಯವರಿಗೆ ‘ಪೋರ್ಟಲ್‌ನಲ್ಲಿ ನನ್ನ ಸಂಖ್ಯೆಯೇ ಇರುತ್ತದೆ’ ಎಂದು ಹೇಳಿ ನೋಡಿ. ಒಪ್ಪಿದರೆ ಮಾತು ಮುಂದುವರಿಸಿ. ‘ಪ್ರತಿ ಸಲ ನಿಮ್ಮನ್ನು ಕೇಳುವುದು ನಮಗೆ ಕಷ್ಟ’ ಎಂದರೆ ಉಡುಪಿಯಲ್ಲಿ ಬೇರೆ ಕಚೇರಿಗಳಿಗೇನೂ ಬರವಿಲ್ಲ.